ಬಾದಾಮಿ ಕಲ್ಲು, ಸೈಲೇನ್ ಅನಿಲ, ಸಿಲಿಕಾನ್ ಪುಡಿ

ಬಾದಾಮಿಯ ಮೇಣಬಸದಿಗಳನ್ನು ಕೊರೆದ ಮರಳುಗಲ್ಲಿನಲ್ಲಿ ಬಹುಪಾಲು ಬೆಣಚು, ಎಂದರೆ ಸಿಲಿಕಾ. ಅದರ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಹುನಗುಂದ, ಇಳಕಲ್ ಕಡೆಯ ಗ್ರಾನೈಟಿನಲ್ಲಿ ಬೆಣಚಿನ ಜೊತೆಗೆ ಫೆಲ್ಡ್‌ಸ್ಪಾರ್ ಕೂಡ ಇದೆ. ಕಲ್ಲು ಕೊಯ್ಯುವಾಗ ಏಳುವ ಧೂಳು ಎಷ್ಟೇ ನುಣುಪಾಗಿದ್ದರೂ ಸಿಲಿಕಾನ್ ಅಲ್ಲ. ಅದು ಆಮ್ಲಜನಕಕ್ಕೆ ಅಂಟಿಕೊಂಡೇ ಇರುವ ಸಿಲಿಕಾ, ಉಸಿರಿನೊಡನೆ ಒಳಹೊಕ್ಕರೆ ಸಿಲಿಕೋಸಿಸ್ ತರುವಂಥದ್ದು.

ಬೆಣಚನ್ನು ಇದ್ದಿಲು, ಕೋಕ್‌ಗಳ ಜೊತೆ ವಿದ್ಯುತ್ ಕುಲುಮೆಯಲ್ಲಿ ಸುಮಾರು 2000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಶೇ. 98–99 ಶುದ್ಧ ಸಿಲಿಕಾನ್ ಸಿಗುತ್ತದೆ. ಇದನ್ನು ಅರೆದರೆ ಪುಡಿಯೇನೋ ಆಗುತ್ತದೆ, ಆದರೆ ಕಬ್ಬಿಣವೂ ಜೊತೆಗೇ ಉಳಿಯುತ್ತದೆ. ಆದ್ದರಿಂದ ಸಿಲಿಕಾನನ್ನು ಒಮ್ಮೆ ಅನಿಲರೂಪಕ್ಕೆ ತರಬೇಕು. ಹೈಡ್ರೋಜನ್ ಕ್ಲೋರೈಡ್ ಹಾಯಿಸಿದಾಗ ಬರುವ ಟ್ರೈಕ್ಲೋರೋಸೈಲೇನ್ 32 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಕಬ್ಬಿಣದ ಕ್ಲೋರೈಡ್ ಅಷ್ಟು ಶಾಖಕ್ಕೆ ಆವಿಯಾಗದು. ಬಟ್ಟಿ ಇಳಿಸಿ ಶುದ್ಧಮಾಡಿದ ಈ ದ್ರವದಿಂದಲೇ ಮುಂದೆ ಸೈಲೇನ್ ಪಡೆಯುತ್ತಾರೆ.

ಸೈಲೇನ್ ಸುಮಾರು 400 ಡಿಗ್ರಿ ದಾಟಿದ ಮೇಲೆ ಒಡೆಯತೊಡಗಿ ಸಿಲಿಕಾನ್ ಮತ್ತು ಜಲಜನಕವಾಗುತ್ತದೆ. ಒಂದು ಕಿಲೋ ಸೈಲೇನಿನಿಂದ ಲೆಕ್ಕದ ಪ್ರಕಾರ 875 ಗ್ರಾಂ ಸಿಲಿಕಾನ್ ಬರಬೇಕು. ಅದು ಪುಡಿಯಾಗುವುದೋ ಪದರವಾಗುವುದೋ ಎಂಬುದೇ ಮುಖ್ಯ. ಕಾದ ಕೊಳವೆಯ ಗೋಡೆಯ ಮೇಲೆ ಒಡೆದರೆ ಹೊಳೆಯುವ ಪದರ ಕೂರುತ್ತದೆ. ಅನಿಲದ ನಡುವೆಯೇ ಒಡೆದರೆ ಸಣ್ಣ ಬೀಜಕಣಗಳು ಹುಟ್ಟಿ, ಪರಸ್ಪರ ಡಿಕ್ಕಿಯಾಗಿ, ಸರಗಟ್ಟಿ, ಕಂದು ಬಣ್ಣದ ಹಗುರ ಪುಡಿಯಾಗಿ ಕೆಳಗಿಳಿಯುತ್ತವೆ. ಸೈಲೇನನ್ನು ಜಲಜನಕದಲ್ಲಿ ತೆಳುವಾಗಿಸಿ, ಬಿಸಿಯಲ್ಲಿ ಅದು ನಿಲ್ಲುವ ಹೊತ್ತನ್ನು ಕಡಿಮೆ ಮಾಡಿದಷ್ಟೂ ಕಣ ಸಣ್ಣದಾಗುತ್ತದೆ. ಲಿಥಿಯಂ ಬ್ಯಾಟರಿಗೆ ಈ ಸಣ್ಣತನವೇ ಬೇಕು: ಲಿಥಿಯಂ ಹೀರಿದ ಸಿಲಿಕಾನಿನ ಗಾತ್ರ ಮೂರು ಪಟ್ಟು ಮೀರುತ್ತದೆ, ದೊಡ್ಡ ಕಣಗಳು ಸೀಳಿಹೋಗುತ್ತವೆ.

ನಮ್ಮ ಭಾಗದಲ್ಲಿ ಈ ರಸಾಯನಶಾಸ್ತ್ರ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಆರ್. ವಾಸುದೇವಮೂರ್ತಿ ಅವರ ಸಂಶೋಧನೆಯ ಆಧಾರದ ಮೇಲೆ 1980ರ ದಶಕದಲ್ಲಿ ತಮಿಳುನಾಡಿನ ಮೆಟ್ಟೂರಿನಲ್ಲಿ ಪಾಲಿಸಿಲಿಕಾನ್ ತಯಾರಿಕೆ ನಡೆಯಿತು. ಅದು ಟ್ರೈಕ್ಲೋರೋಸೈಲೇನಿನಿಂದ ಗಟ್ಟಿ ಸಿಲಿಕಾನ್ ಪಡೆದ ದಾರಿ. ಪುಡಿಯ ದಾರಿ ಅಲ್ಲಿಂದ ಕವಲೊಡೆಯುತ್ತದೆ.

ಬಾಗಲಕೋಟೆಯಲ್ಲಿ ಇಂಥ ಉದ್ಯಮ ಯೋಚಿಸುವವರು ಮೊದಲು ಲೆಕ್ಕಹಾಕಬೇಕಾದ್ದು ಕಲ್ಲಿನ ದಾಸ್ತಾನನ್ನಲ್ಲ. ಗಾಳಿ ಸೋಕಿದರೆ ತಾನಾಗಿ ಹೊತ್ತಿಕೊಳ್ಳುವ ಸೈಲೇನನ್ನು ಸುರಕ್ಷಿತವಾಗಿ ಕೂಡಿಡುವ ವ್ಯವಸ್ಥೆ, ಬಟ್ಟಿ ಇಳಿಸುವ ಘಟಕ, ಕುಲುಮೆಗೆ ಅಗ್ಗದ ವಿದ್ಯುತ್, ಈ ಮೂರೂ ಇಲ್ಲದೆ ಕೈಹಾಕಬಾರದು. ಕಚ್ಚಾವಸ್ತುವಿಗೆ ಕಬ್ಬಿಣ ಕಡಿಮೆಯಿರುವ ಬಿಳಿ ಬೆಣಚೇ ಮೇಲು. ಬಾದಾಮಿಯ ಕೆಂಪುಕಲ್ಲು ಈ ಕೆಲಸಕ್ಕೆ ತಕ್ಕದ್ದಲ್ಲ.