ಕಾರಿನ ಗೇರ್‌ಬಾಕ್ಸ್ ವೇಗ ಸೆನ್ಸರ್: ದೋಷ ಪತ್ತೆ ಮತ್ತು ದುರಸ್ತಿ
(ವಾಹನ ಮಾಲೀಕರ ಮಾಹಿತಿಗಾಗಿ)

ಧಾರವಾಡ ತಾಲೂಕಿನ ಮುಗದ ಗ್ರಾಮವು ಭತ್ತ ಬೆಳೆಯುವ ಅರೆಮಲೆನಾಡಿನ ಪ್ರದೇಶದಲ್ಲಿದೆ. ಇಂತಹ ಭಾಗಗಳಲ್ಲಿ ಮಳೆಗಾಲದಲ್ಲಿ ಕಾರಿನ ಅಡಿಭಾಗಕ್ಕೆ ನೀರು, ಕೆಸರು ಸಿಡಿಯುತ್ತದೆ. ನಿಲ್ಲಿಸಿದ ವಾಹನದ ವೈರುಗಳನ್ನು ಇಲಿಗಳು ಕಡಿಯುವುದೂ ಉಂಟು. ಇದರಿಂದ ಕೆಡುವ ಭಾಗಗಳಲ್ಲಿ ಗೇರ್‌ಬಾಕ್ಸ್‌ಗೆ ಅಳವಡಿಸಿದ ವೇಗ ಸೆನ್ಸರ್ ಒಂದು. ಇದರ ದೋಷವು ಗೇರ್‌ಬಾಕ್ಸ್ ದೋಷದಂತೆಯೇ ಕಾಣುವುದರಿಂದ, ದೊಡ್ಡ ದುರಸ್ತಿಗೆ ಹಣ ತೆರುವ ಮುನ್ನ ಕೆಳಕಂಡ ತಪಾಸಣೆಗಳನ್ನು ಮಾಡಿಸುವುದು ಸೂಕ್ತ.

1. ಸೆನ್ಸರ್‌ನ ಕಾರ್ಯ

ಗೇರ್‌ಬಾಕ್ಸ್‌ನ ಒಳಗೆ ತಿರುಗುವ ಹಲ್ಲಿನ ಚಕ್ರದ ವೇಗವನ್ನು ಸೆನ್ಸರ್ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಈ ಸಂಕೇತದಿಂದ ಸ್ಪೀಡೋಮೀಟರ್ ಹಾಗೂ ಓಡೋಮೀಟರ್ ಕೆಲಸ ಮಾಡುತ್ತವೆ. ಆಟೋಮ್ಯಾಟಿಕ್ ಕಾರುಗಳಲ್ಲಿ ಗೇರ್ ಬದಲಾಗಬೇಕಾದ ಸಮಯವೂ ಇದರಿಂದಲೇ ನಿರ್ಧಾರವಾಗುತ್ತದೆ. ಹಳೆಯ ಕಾರುಗಳಲ್ಲಿ ಸೆನ್ಸರ್ ಬದಲು ಕೇಬಲ್ ಇರುತ್ತದೆ. ಎ.ಬಿ.ಎಸ್. ಹೊಂದಿದ ಹಲವು ಕಾರುಗಳಲ್ಲಿ ವೇಗದ ಸಂಕೇತವು ಚಕ್ರಗಳ ಸೆನ್ಸರ್‌ಗಳಿಂದ ಬರುತ್ತದೆ. ಆದ್ದರಿಂದ ಮೊದಲು ವಾಹನದ ಕೈಪಿಡಿಯನ್ನು ನೋಡತಕ್ಕದ್ದು.

2. ದೋಷದ ಲಕ್ಷಣಗಳು

ಅ) ಸ್ಪೀಡೋಮೀಟರ್ ಮುಳ್ಳು ಸೊನ್ನೆಯಲ್ಲಿ ನಿಲ್ಲುವುದು ಅಥವಾ ಅಲುಗಾಡುವುದು.
ಆ) ಓಡೋಮೀಟರ್ ಓಡದಿರುವುದು.
ಇ) ಆಟೋಮ್ಯಾಟಿಕ್ ಕಾರಿನಲ್ಲಿ ಗೇರ್ ಜರ್ಕ್ ಹೊಡೆಯುವುದು, ತಡವಾಗಿ ಬದಲಾಗುವುದು ಅಥವಾ ಒಂದೇ ಗೇರಿನಲ್ಲಿ ಉಳಿಯುವುದು.
ಈ) ಎಂಜಿನ್ ಎಚ್ಚರಿಕೆ ದೀಪ ಉರಿಯುವುದು.

3. ತಪಾಸಣೆಯ ಕ್ರಮ

ಅ) ಸ್ಕ್ಯಾನರ್‌ನಿಂದ ದೋಷ ಸಂಕೇತ ಓದಿಸಬೇಕು. ಪಿ 0500 ವಾಹನದ ವೇಗ ಸೆನ್ಸರ್‌ಗೆ, ಪಿ 0715 ಗೇರ್‌ಬಾಕ್ಸ್‌ನ ಒಳಬದಿಯ ಶಾಫ್ಟ್ ಸೆನ್ಸರ್‌ಗೆ, ಪಿ 0720 ಹೊರಬದಿಯ ಶಾಫ್ಟ್ ಸೆನ್ಸರ್‌ಗೆ ಸಂಬಂಧಿಸಿದೆ. ಇವು ಸೆನ್ಸರ್, ವೈರು, ಕನೆಕ್ಟರ್ ಸೇರಿದ ಇಡೀ ಮಾರ್ಗದ ದೋಷವನ್ನು ಸೂಚಿಸುತ್ತವೆ. ಸಂಕೇತ ಬಂದಿತೆಂಬ ಒಂದೇ ಕಾರಣಕ್ಕೆ ಸೆನ್ಸರ್ ಬದಲಾಯಿಸಬಾರದು.

ಆ) ಫ್ಯೂಸ್ ಪರಿಶೀಲಿಸಿ, ಕನೆಕ್ಟರ್ ಬಿಚ್ಚಿ ನೀರು, ತುಕ್ಕು ಅಥವಾ ಬಾಗಿದ ಪಿನ್ ಇದೆಯೇ ಎಂದು ನೋಡಬೇಕು. ವೈರು ಎಲ್ಲಿಯಾದರೂ ಉಜ್ಜಿದೆಯೇ, ಇಲಿ ಕಡಿದಿದೆಯೇ ಎಂದೂ ಪರೀಕ್ಷಿಸಬೇಕು.

ಇ) ಸಾಮಾನ್ಯವಾಗಿ ಎರಡು ವೈರಿನ ಕಾಂತೀಯ ಸೆನ್ಸರ್‌ನಲ್ಲಿ, ಇಗ್ನಿಷನ್ ಆಫ್ ಮಾಡಿ, ಮಲ್ಟಿಮೀಟರ್‌ನಿಂದ ರೋಧ ಅಳೆದು ಕೈಪಿಡಿಯ ಅಂಕಿಗೆ ಹೋಲಿಸಬೇಕು. ಮೂರು ವೈರಿನ ಹಾಲ್ ಮಾದರಿಯಲ್ಲಿ ರೋಧ ಅಳೆಯಬಾರದು. ಇಗ್ನಿಷನ್ ಆನ್ ಮಾಡಿ ಸಪ್ಲೈ, ಅರ್ತ್ ಮತ್ತು ಸಿಗ್ನಲ್ ಪರೀಕ್ಷಿಸಬೇಕು.

ಈ) ಸೆನ್ಸರ್ ಹೊರತೆಗೆದು ಅದರ ತುದಿಗೆ ಕಬ್ಬಿಣದ ಪುಡಿ ಅಂಟಿದೆಯೇ ಎಂದು ನೋಡಬೇಕು. ಅಲ್ಪ ಪ್ರಮಾಣವಿದ್ದರೆ ಒರೆಸಿದರೆ ಸಾಕು. ಚೂರುಗಳು ಬಹಳವಿದ್ದರೆ ಗೇರ್‌ಬಾಕ್ಸ್ ಸವೆಯುತ್ತಿದೆ ಎಂದರ್ಥ. ಆಗ ಅದರ ತಪಾಸಣೆ ಅನಿವಾರ್ಯ. ಪ್ಲಾಸ್ಟಿಕ್ ಗೇರ್ ಇರುವ ಸೆನ್ಸರ್‌ನಲ್ಲಿ ಹಲ್ಲು ಸವೆದಿರಬಹುದು.

4. ದುರಸ್ತಿ

ವೈರು ಅಥವಾ ಕನೆಕ್ಟರ್ ದೋಷವನ್ನು ಅಲ್ಲಿಯೇ ಸರಿಪಡಿಸಬಹುದು. ಸೆನ್ಸರ್ ಕೆಟ್ಟಿದ್ದಲ್ಲಿ, ಎಂಜಿನ್ ತಣಿದ ಮೇಲೆ, ವಾಹನದ ಮಾದರಿಗೆ ಸರಿಹೊಂದುವ ಸೆನ್ಸರನ್ನು ಹೊಸ ರಬ್ಬರ್ ರಿಂಗ್ ಸಹಿತ ಕೂರಿಸಬೇಕು. ವಾಹನವನ್ನು ಎತ್ತಬೇಕಾದಲ್ಲಿ ಜಾಕ್ ಒಂದನ್ನೇ ನೆಚ್ಚದೆ ಸ್ಟ್ಯಾಂಡ್ ಇಟ್ಟು, ಚಕ್ರಗಳಿಗೆ ಅಡೆ ಕೊಡತಕ್ಕದ್ದು. ಎಣ್ಣೆ ಸೋರಿದ್ದರೆ ಗೇರ್ ಆಯಿಲ್ ಮಟ್ಟ ಸರಿಪಡಿಸಬೇಕು. ನಂತರ ದೋಷ ಸಂಕೇತ ಅಳಿಸಿ, ವಾಹನ ಓಡಿಸಿ ನೋಡಬೇಕು. ಆಗ ಸ್ಕ್ಯಾನರ್ ಅಂಕಿಗಳನ್ನು ಪಕ್ಕದಲ್ಲಿ ಕುಳಿತವರೇ ಗಮನಿಸಬೇಕು.

5. ವಾಹನ ಮಾಲೀಕರ ಗಮನಕ್ಕೆ

ಸ್ಪೀಡೋಮೀಟರ್ ಕೆಟ್ಟ ವಾಹನದಲ್ಲಿ ಚಾಲಕರಿಗೆ ನಿಜವಾದ ವೇಗ ತಿಳಿಯುವುದಿಲ್ಲ. ಮುಗದದಿಂದ ಧಾರವಾಡಕ್ಕೆ ಬಂದು ರಾಷ್ಟ್ರೀಯ ಹೆದ್ದಾರಿ 48ನ್ನು ಸೇರುವವರಿಗೆ ಇದು ಅಪಾಯಕಾರಿ. ಮೋಟಾರು ವಾಹನಗಳ ಕಾಯ್ದೆ 1988ರ ಕಲಂ 112 ವೇಗಮಿತಿಯನ್ನು ಮೀರುವುದನ್ನು ನಿಷೇಧಿಸುತ್ತದೆ. ಮೀಟರ್ ಕೆಟ್ಟಿತ್ತೆಂಬುದು ಅದಕ್ಕೆ ರಕ್ಷಣೆಯಾಗದು.

ಓಡೋಮೀಟರ್ ನಿಂತರೆ ಲೆಕ್ಕವೂ ತಪ್ಪುತ್ತದೆ. ದಿನಕ್ಕೆ 30 ಕಿ.ಮೀ. ಓಡುವ ಕಾರಿನಲ್ಲಿ ದೋಷವನ್ನು 90 ದಿನ ಬಿಟ್ಟರೆ 2,700 ಕಿ.ಮೀ. ದಾಖಲಾಗದೆ ಉಳಿದು, ಆಯಿಲ್ ಬದಲಾವಣೆ ಅಷ್ಟು ತಡವಾಗುತ್ತದೆ. ಮಾರಾಟದ ವೇಳೆ ಮೀಟರ್ ಕಡಿಮೆ ತೋರಲೆಂದು ಸೆನ್ಸರ್ ಬಿಚ್ಚಿಡುವುದು ಖರೀದಿದಾರರಿಗೆ ಮಾಡುವ ವಂಚನೆ. ಸೆನ್ಸರ್ ಬದಲಾಯಿಸಿದ ದಿನಾಂಕ, ಮೀಟರ್ ಅಂಕಿ ಹಾಗೂ ರಸೀದಿಯನ್ನು ಸರ್ವಿಸ್ ಪುಸ್ತಕದೊಂದಿಗೆ ಕಾಯ್ದಿರಿಸಿಕೊಳ್ಳುವುದು.