ಭಯಾನಕ ಚಲನಚಿತ್ರಗಳ ಪೋಸ್ಟರ್

ಭಯಾನಕ ಚಲನಚಿತ್ರಗಳ ಪೋಸ್ಟರ್ ಎಂದರೆ ಹಾರರ್ ಪ್ರಕಾರದ ಚಿತ್ರಗಳ ಪ್ರಚಾರಕ್ಕಾಗಿ ಮುದ್ರಿಸಿ, ಚಿತ್ರಮಂದಿರಗಳ ಮುಂಭಾಗದಲ್ಲಿಯೂ ಬೀದಿಯ ಗೋಡೆಗಳ ಮೇಲೆಯೂ ಹಚ್ಚುವ ಭಿತ್ತಿಪತ್ರ. ಇತರ ಪ್ರಕಾರಗಳ ಪೋಸ್ಟರ್‌ಗಳು ಸಾಮಾನ್ಯವಾಗಿ ತಾರೆಯರ ಮುಖವನ್ನು ಮುಂದಿಡುತ್ತವೆ. ಇವು ಹೆಚ್ಚಾಗಿ ಒಂದು ಅಪಾಯವನ್ನು ಮುಂದಿಡುತ್ತವೆ. ದಾರಿಹೋಕನು ಬೆಚ್ಚಿ ನಿಲ್ಲಬೇಕು, ಆದರೆ ಟಿಕೆಟ್ ಕೊಳ್ಳದಷ್ಟು ಹೆದರಬಾರದು. ಕಪ್ಪು ಹಿನ್ನೆಲೆ, ಕೆಂಪು ಅಕ್ಷರ, ಅರ್ಧ ಮರೆಯಾದ ಮುಖ, ಒಂಟಿ ಮನೆ ಮೊದಲಾದ ರೂಢಿಗಳು ಈ ಇಬ್ಬಗೆಯ ಅಗತ್ಯದಿಂದ ಬೆಳೆದವು.

ಆರಂಭ

ಜರ್ಮನಿಯ ‘ದಿ ಕ್ಯಾಬಿನೆಟ್ ಆಫ್ ಡಾ. ಕ್ಯಾಲಿಗರಿ’ (1920) ಚಿತ್ರದ ಪ್ರಚಾರವು ಈ ಕಲೆಯ ಮೊದಲ ಮುಖ್ಯ ಉದಾಹರಣೆಗಳಲ್ಲೊಂದು. ನೀನು ಕ್ಯಾಲಿಗರಿಯಾಗಲೇಬೇಕು ಎಂಬ ಅರ್ಥದ ಒಗಟಿನಂಥ ವಾಕ್ಯವನ್ನು ಬರ್ಲಿನ್ ನಗರದಲ್ಲಿ ಅಂಟಿಸಿ ಜನರ ಕುತೂಹಲವನ್ನು ಕೆರಳಿಸಲಾಯಿತು. ‘ನೊಸ್ಫೆರಾಟು’ (1922) ಚಿತ್ರದ ದೃಶ್ಯವಿನ್ಯಾಸ ಮಾಡಿದ ಆಲ್ಬಿನ್ ಗ್ರಾವು ಅದರ ಪ್ರಚಾರ ಚಿತ್ರಗಳನ್ನೂ ರಚಿಸಿದನು. ಹೀಗಾಗಿ ಗೋಡೆಯ ಮೇಲಿನ ಚಿತ್ರ ಮತ್ತು ತೆರೆಯ ಮೇಲಿನ ಲೋಕ ಒಂದೇ ಕೈಯಿಂದ ಮೂಡಿದವು. ನಂತರದ ಕಾಲದಲ್ಲಿ ಇಂಥ ಹೊಂದಾಣಿಕೆ ಅಪರೂಪ.

ಅಮೆರಿಕದಲ್ಲಿ ಯೂನಿವರ್ಸಲ್ ಸಂಸ್ಥೆಯು ‘ಡ್ರಾಕುಲಾ’ (1931), ‘ಫ್ರಾಂಕೆನ್‌ಸ್ಟೈನ್’ (1931) ಮತ್ತು ‘ದಿ ಮಮ್ಮಿ’ (1932) ಚಿತ್ರಗಳ ಮೂಲಕ ಒಂದು ಮಾದರಿಯನ್ನು ಸ್ಥಾಪಿಸಿತು. ಸಂಸ್ಥೆಯ ಜಾಹೀರಾತು ಕಲೆಯನ್ನು ನೋಡಿಕೊಳ್ಳುತ್ತಿದ್ದವನು ಕಾರೊಲಿ ಗ್ರಾಸ್. ‘ದಿ ಮಮ್ಮಿ’ಯ ಪ್ರಸಿದ್ಧ ಪೋಸ್ಟರ್‌ನಲ್ಲಿ ಹಿಂದೆ ಬಟ್ಟೆ ಸುತ್ತಿದ ಶವ, ಮುಂದೆ ಕೆಂಪು ಉಡುಪಿನ ನಾಯಕಿ. ರಾಕ್ಷಸ ಮತ್ತು ಸುಂದರಿಯ ಈ ಜೋಡಿ ಭಯದ ಜೊತೆಗೆ ಪ್ರಣಯವನ್ನೂ ಮಾರುತ್ತಿತ್ತು. 1950ರ ದಶಕದಲ್ಲಿ ಅದು ಸವಕಲಾಯಿತು. ‘ಫರ್ಬಿಡನ್ ಪ್ಲಾನೆಟ್’ (1956) ಎಂಬ ವೈಜ್ಞಾನಿಕ ಚಿತ್ರದ ಪೋಸ್ಟರ್ ಕೂಡ ಮೂರ್ಛೆಹೋದ ಯುವತಿಯನ್ನು ಹೊತ್ತ ಯಂತ್ರಮಾನವನನ್ನು ತೋರಿಸುತ್ತದೆ. ಚಿತ್ರದಲ್ಲಿ ಅಂಥ ದೃಶ್ಯವಿಲ್ಲ. ಆ ಯಂತ್ರಮಾನವ ನಿರುಪದ್ರವಿ.

ಮರೆಮಾಚುವ ವಿಧಾನ

1960ರ ದಶಕದ ಕೊನೆಯಿಂದ ರಾಕ್ಷಸನನ್ನು ತೋರಿಸದೆಯೇ ಹೆದರಿಸುವ ವಿಧಾನ ಪ್ರಬಲವಾಯಿತು. ‘ರೋಸ್‌ಮೆರೀಸ್ ಬೇಬಿ’ (1968) ಪೋಸ್ಟರ್‌ನಲ್ಲಿ ಹಸಿರು ಛಾಯೆಯ ಸ್ತ್ರೀಮುಖದ ಮೇಲೆ, ಬಂಡೆಯ ತುದಿಯಲ್ಲಿ ನಿಂತ ಮಗುವಿನ ತಳ್ಳುಗಾಡಿಯೊಂದರ ಕಪ್ಪು ಆಕೃತಿ ಇದೆ, ಅಷ್ಟೇ. ಮಗು ಕಾಣುವುದಿಲ್ಲ. ಇದರ ವಿನ್ಯಾಸಕಾರರಲ್ಲಿ ಒಬ್ಬನಾದ ಫಿಲಿಪ್ ಗಿಪ್ಸ್ ಮುಂದೆ ‘ಏಲಿಯನ್’ (1979) ಚಿತ್ರಕ್ಕೂ ಕತ್ತಲಲ್ಲಿ ಬಿರುಕುಬಿಡುವ ಒಂದು ಮೊಟ್ಟೆಯನ್ನಷ್ಟೇ ಬಳಸಿದನು. ಅದು ಕೋಳಿಮೊಟ್ಟೆಯನ್ನು ಹೋಲುತ್ತದೆ. ಚಿತ್ರದಲ್ಲಿ ಬರುವ ಮೊಟ್ಟೆಗಳ ರೂಪವೇ ಬೇರೆ. ‘ದಿ ಎಕ್ಸಾರ್ಸಿಸ್ಟ್’ (1973) ಪೋಸ್ಟರ್‌ನಲ್ಲಿ ದೆವ್ವ ಹಿಡಿದ ಬಾಲಕಿಯ ಸುಳಿವೂ ಇಲ್ಲ: ಕೈಚೀಲ ಹಿಡಿದ ಪಾದ್ರಿ, ಬೀದಿದೀಪ, ಮೇಲಿನ ಕಿಟಕಿಯಿಂದ ಸುರಿಯುವ ಬೆಳಕು. ಸಾಮಾನ್ಯವಾಗಿ ಅಭಯವನ್ನು ಸೂಚಿಸುವ ಬೆಳಕೇ ಇಲ್ಲಿ ಕೇಡಿನ ದಿಕ್ಕಿನಿಂದ ಬರುತ್ತದೆ.

‘ಜಾಸ್’ (1975) ಇದಕ್ಕೆ ಕುತೂಹಲಕರ ಅಪವಾದ. ಚಿತ್ರವು ಶಾರ್ಕ್ ಮೀನನ್ನು ಬಹುಕಾಲ ನೀರಿನಡಿಯಲ್ಲೇ ಇರಿಸುತ್ತದೆ. ಪೋಸ್ಟರ್ ಅದನ್ನು ಬಾಯ್ದೆರೆದ ಸ್ಥಿತಿಯಲ್ಲಿ, ಅತಿ ದೊಡ್ಡದಾಗಿ ತೋರಿಸಿಬಿಡುತ್ತದೆ. ರೋಜರ್ ಕ್ಯಾಸ್ಟೆಲ್ ಇದನ್ನು ಮೂಲತಃ ಕಾದಂಬರಿಯ ಅಗ್ಗದ ಆವೃತ್ತಿಯ ರಕ್ಷಾಪುಟಕ್ಕಾಗಿ ಬರೆದಿದ್ದನು. ಇಲ್ಲಿ ಭಯವನ್ನು ಹುಟ್ಟಿಸುವುದು ಹಲ್ಲುಗಳಿಗಿಂತ ಹೆಚ್ಚಾಗಿ ಆ ಎರಡು ಆಕೃತಿಗಳ ನಡುವಿನ ನೀರು: ಮೇಲೆ ಈಜುವವಳಿಗೆ ತಿಳಿಯದ ಸಂಗತಿ ನೋಡುಗನಿಗೆ ತಿಳಿದಿದೆ.

ಸಂಕೇತ, ಬಣ್ಣ ಮತ್ತು ಮುಖ

ಎರಡು ವಸ್ತುಗಳನ್ನು ಬೆಸೆದು ಒಂದೇ ಸಂಕೇತ ಮಾಡುವುದು ಇನ್ನೊಂದು ರೂಢಿ. ‘ಹ್ಯಾಲೋವೀನ್’ (1978) ಪೋಸ್ಟರ್‌ನಲ್ಲಿ ಕೆತ್ತಿದ ಕುಂಬಳಕಾಯಿಯು ಚಾಕು ಹಿಡಿದ ಮುಷ್ಟಿಯಾಗಿ ಹೊರಳುತ್ತದೆ. ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ (1991) ಪೋಸ್ಟರ್‌ನಲ್ಲಿ ಯುವತಿಯ ಬಾಯಿಯನ್ನು ಮುಚ್ಚಿದ ಪತಂಗದ ಬೆನ್ನಿನ ಮೇಲೆ ತಲೆಬುರುಡೆ ಇದೆ. ಸೂಕ್ಷ್ಮವಾಗಿ ನೋಡಿದರೆ ಆ ಬುರುಡೆಯು ನಗ್ನ ಸ್ತ್ರೀಯರ ದೇಹಗಳಿಂದ ರೂಪುಗೊಂಡದ್ದು. ಸಾಲ್ವಡಾರ್ ಡಾಲಿಯೊಡನೆ ಫಿಲಿಪ್ ಹಾಲ್ಸ್‌ಮನ್ ತೆಗೆದ ಛಾಯಾಚಿತ್ರವೊಂದು ಅದರ ಮೂಲ.

ಕಪ್ಪು–ಕೆಂಪುಗಳ ರೂಢಿಯನ್ನು ಮೀರಿದ ಉದಾಹರಣೆಗಳಲ್ಲಿ ‘ದಿ ಶೈನಿಂಗ್’ (1980) ಮುಖ್ಯವಾದುದು. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಹಲವು ಕರಡುಗಳನ್ನು ತಿರಸ್ಕರಿಸಿದ ಬಳಿಕ ಸಾಲ್ ಬಾಸ್ ರಚಿಸಿದ ಪೋಸ್ಟರ್ ಅಚ್ಚ ಹಳದಿಯದು. ಶೀರ್ಷಿಕೆಯ ದಪ್ಪ ಅಕ್ಷರದೊಳಗಿಂದ ಚುಕ್ಕೆಗಳಿಂದಾದ ಮುಖವೊಂದು ದಿಟ್ಟಿಸುತ್ತದೆ.

ತಾರೆಯ ಮುಖವನ್ನೇ ಬಲೆಯಾಗಿ ಬಳಸಿದ್ದೂ ಉಂಟು. ‘ಸ್ಕ್ರೀಮ್’ (1996) ಪ್ರಚಾರದಲ್ಲಿ ಡ್ರೂ ಬ್ಯಾರಿಮೋರ್‌ಗೆ ಪ್ರಮುಖ ಸ್ಥಾನವಿತ್ತು, ಆದರೆ ಅವಳ ಪಾತ್ರ ಆರಂಭದ ದೃಶ್ಯದಲ್ಲೇ ಕೊಲೆಯಾಗುತ್ತದೆ. ‘ಸೈಕೋ’ (1960) ಜಾನೆಟ್ ಲೀಯ ಹೆಸರು ಮತ್ತು ಚಿತ್ರವನ್ನು ಹೀಗೆಯೇ ಬಳಸಿಕೊಂಡಿತ್ತು. ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ಇನ್ನೂ ಮುಂದೆ ಹೋಗಿ, ನಟರು ನಿಜವಾಗಿ ಕಾಣೆಯಾಗಿದ್ದಾರೆಂಬಂತೆ ಪ್ರಕಟಣೆಗಳನ್ನು ಹಂಚಿತು.

ಭಾರತದಲ್ಲಿ

ರಾಮ್ಸೆ ಸಹೋದರರ ‘ಪುರಾನಾ ಮಂದಿರ್’ (1984), ‘ವೀರಾನಾ’ (1988) ಮೊದಲಾದ ಹಿಂದಿ ಚಿತ್ರಗಳ ಪೋಸ್ಟರ್‌ಗಳು ಮರೆಮಾಚುವ ಗೋಜಿಗೆ ಹೋಗಲಿಲ್ಲ. ವಿಕಾರ ಮುಖವನ್ನು ನೇರವಾಗಿಯೇ ತೋರಿಸಿದವು. ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರದ ಗುರುತೂ ಇಂಥ ಚಿತ್ರಗಳಿಗೆ ಆಕರ್ಷಣೆಯೇ ಆಯಿತು.

ವಿವಾದ

ಚಿತ್ರವನ್ನು ನೋಡುವವನು ಹಣ ಕೊಟ್ಟು ಒಳಗೆ ಹೋಗುತ್ತಾನೆ. ಪೋಸ್ಟರ್ ಮಾತ್ರ ಮಕ್ಕಳೂ ಸೇರಿದಂತೆ ಎಲ್ಲರ ಕಣ್ಣಿಗೆ ಬೀಳುತ್ತದೆ. 2007ರಲ್ಲಿ ‘ಕ್ಯಾಪ್ಟಿವಿಟಿ’ ಚಿತ್ರಕ್ಕಾಗಿ ಯುವತಿಯೊಬ್ಬಳ ಅಪಹರಣ, ಬಂಧನ, ಚಿತ್ರಹಿಂಸೆ ಮತ್ತು ಅಂತ್ಯವನ್ನು ನಾಲ್ಕು ಚೌಕಗಳಲ್ಲಿ ತೋರಿಸಿದ ಫಲಕಗಳು ಲಾಸ್ ಏಂಜಲೀಸ್‌ನಲ್ಲಿ ಕಾಣಿಸಿಕೊಂಡಾಗ ತೀವ್ರ ಪ್ರತಿಭಟನೆ ನಡೆಯಿತು. ಫಲಕಗಳನ್ನು ತೆಗೆಯಲಾಯಿತು. ಅಮೆರಿಕದ ಚಲನಚಿತ್ರ ಸಂಘವು ಅನುಮೋದನೆಯಿಲ್ಲದ ಈ ಪ್ರಚಾರಕ್ಕೆ ದಂಡನೆಯಾಗಿ ಚಿತ್ರದ ವರ್ಗೀಕರಣ ಪ್ರಕ್ರಿಯೆಯನ್ನು ಕೆಲಕಾಲ ತಡೆಹಿಡಿಯಿತು.

ಸಂಗ್ರಹ ಮೌಲ್ಯ

ಪ್ರದರ್ಶನ ಮುಗಿದ ಮೇಲೆ ಎಸೆಯುವ ವಸ್ತುಗಳಾಗಿದ್ದ ಕಾರಣ ಹಳೆಯ ಪೋಸ್ಟರ್‌ಗಳ ಕೆಲವೇ ಪ್ರತಿಗಳು ಉಳಿದಿವೆ. ‘ದಿ ಮಮ್ಮಿ’ಯ ಒಂದು ಪ್ರತಿ 1997ರ ಹರಾಜಿನಲ್ಲಿ 4,53,500 ಡಾಲರ್‌ಗಳಿಗೆ ಮಾರಾಟವಾಯಿತು. 2017ರಲ್ಲಿ ‘ಡ್ರಾಕುಲಾ’ದ ಒಂದು ಪ್ರತಿಗೆ 5,25,800 ಡಾಲರ್ ದೊರೆಯಿತು.