ರೂವಾರಿಗಳ ಸಹಿ ಓದಿದವರು

ನಮ್ಮ ಪತ್ರಿಕೆಗಳಿಗೆ ತುಂಬಾ ಇಷ್ಟವಾದ ಪದ ‘ರೂವಾರಿ’. ಗೆಲುವಿನ ರೂವಾರಿ, ಯೋಜನೆಯ ರೂವಾರಿ, ಪಕ್ಷದ ಯಶಸ್ಸಿನ ರೂವಾರಿ. ಯಾರು ಪ್ಲಾನ್ ಮಾಡಿದರೋ, ಯಾರ ಮಾತು ನಡೆಯಿತೋ ಅವರಿಗೆ ಈ ಪದ. ಒಂಬೈನೂರು ವರ್ಷದ ಹಿಂದೆ ಬೇಲೂರಿನಲ್ಲಿ ಇದೇ ಪದ ಕೇಳಿದ್ದರೆ ಜನ ಬೇರೆ ಕಡೆ ಕೈ ತೋರಿಸುತ್ತಿದ್ದರು. ರೂವಾರಿ ಅಂದರೆ ಉಳಿ ಹಿಡಿದು ಕಲ್ಲಿನ ಮುಂದೆ ಕೂತವನು, ಮೈಮೇಲೆಲ್ಲಾ ಕಲ್ಲಿನ ಪುಡಿ ಹೊತ್ತವನು. ಕೆಲಸ ಮಾಡಿದವನ ಹೆಸರು ಹೋಗಿ ಕೆಲಸ ಮಾಡಿಸಿದವನ ಹೆಸರಾದ ಕಥೆ ಈ ಒಂದು ಪದದಲ್ಲೇ ಇದೆ. ಆ ಹಳೆಯ ರೂವಾರಿಗಳನ್ನು ಹೆಸರು ಹಿಡಿದು ಹುಡುಕಿದ ಒಬ್ಬ ಕಲಾ ಇತಿಹಾಸಕಾರರ ಬಗ್ಗೆ ಈ ಬರಹ. ಅವರು ಷ. ಶೆಟ್ಟರ್.

ಮೊದಲು ಜಾಗ ನೋಡೋಣ. ವೀಕೆಂಡಿಗೆ ಬೆಂಗಳೂರು ಬಿಟ್ಟವರು ಹಾಸನ ದಾಟಿ, ಆಲೂರು ದಾಟಿ ಸಕಲೇಶಪುರ ಸೇರುತ್ತೇವೆ. ಮಂಜರಾಬಾದ್ ಕೋಟೆ ಹತ್ತಿ, ಎಂಟು ಮೂಲೆಯ ನಕ್ಷತ್ರದ ಆಕಾರ ಕಾಣೋ ಹಾಗೆ ಫೋಟೋ ತೆಗೆಯೋಕೆ ಒದ್ದಾಡಿ, ವಾಪಸ್ ಬರುವಾಗ ಬೇಲೂರಿಗೆ ಒಂದು ಸುತ್ತು. ಕೋಟೆ ಅಂದರೆ ಟಿಪ್ಪು, ದೇವಸ್ಥಾನ ಅಂದರೆ ವಿಷ್ಣುವರ್ಧನ, ಕಾಫಿ ತೋಟ ಅಂದರೆ ಅದರ ಧಣಿ. ನಮ್ಮ ತಲೆಯಲ್ಲಿ ಈ ಊರುಗಳ ಇತಿಹಾಸ ಹೀಗೆ ಮಾಡಿಸಿದವರ ಹೆಸರಲ್ಲೇ ಕೂತಿದೆ. ಹೊಯ್ಸಳರೂ ಈ ಮಲೆಗಳಿಂದಲೇ ಎದ್ದು ಬಂದವರು. ಅವರ ಮೂಲ ನೆಲೆ ಸೊಸೆವೂರು, ಅಂದರೆ ಇವತ್ತಿನ ಅಂಗಡಿ, ಇರೋದು ಪಕ್ಕದ ಮೂಡಿಗೆರೆ ತಾಲೂಕಿನಲ್ಲಿ. ‘ಮಲೆಪರೊಳ್ ಗಂಡ’ ಅನ್ನೋ ಅವರ ಬಿರುದೇ ಬೆಟ್ಟದ ಪಾಳೆಯಗಾರರನ್ನು ಗೆದ್ದ ನೆನಪು.

ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿ ಶಿಲ್ಪಿ ಯಾರು ಅಂತ ಕೇಳಿದರೆ ಸಿಗೋ ಉತ್ತರ ಜಕಣಾಚಾರಿ. ಅವನು, ಅವನ ಮಗ ಡಂಕಣ, ವಿಗ್ರಹದೊಳಗಿನ ಕಪ್ಪೆ. ಕಥೆ ಚೆನ್ನಾಗಿದೆ. ಆದರೆ ಬೇಲೂರಿನ ಕಲ್ಲುಗಳ ಮೇಲೆ ಇದುವರೆಗೆ ಓದಿರುವ ಶಿಲ್ಪಿಗಳ ಸಹಿಗಳಲ್ಲಿ ಜಕಣಾಚಾರಿ ಇಲ್ಲ. ಅಲ್ಲಿ ಇರೋದು ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಗದುಗಿನ ನಾಗೋಜ ಮತ್ತು ಅವರ ಜೊತೆಗಾರರು. ಮದನಿಕೆಯರ ವಿಗ್ರಹಗಳ ಪೀಠದಲ್ಲೇ ಹೆಸರು ಕೊರೆದಿದ್ದಾರೆ. ಬರೀ ಹೆಸರಲ್ಲ, ಅಪ್ಪನ ಹೆಸರು, ಊರು, ಬಿರುದು ಎಲ್ಲಾ. ಬಿರುದುಗಳಂತೂ ಪೂರಾ ಪೈಪೋಟಿಯವು: ಎದುರಾಳಿ ರೂವಾರಿಗಳು ಮನ್ಮಥರಾದರೆ ತಾನು ಅವರನ್ನು ಸುಡುವ ಶಿವ ಅನ್ನೋ ಧಾಟಿ. ‘ನಮ್ಮ ಶಿಲ್ಪಿಗಳು ಹೆಸರು ಬಯಸದ ಯೋಗಿಗಳು’ ಅಂತ ನಾವು ಭಾವುಕರಾಗಿ ಹೇಳ್ತೀವಲ್ಲ, ಅದನ್ನು ಕೇಳಿದ್ದರೆ ಚಾವಣ ನಗುತ್ತಿದ್ದನೇನೋ.

ಈ ಸಹಿಗಳನ್ನು ಮೊದಲು ಓದಿದವರು ಶೆಟ್ಟರ್ ಅಲ್ಲ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಜಿಲ್ಲೆಯ ಸಂಪುಟ 1902ರಲ್ಲೇ ಬಂದಿತ್ತು. ಸಕಲೇಶಪುರ ಸೀಮೆಯ ಶಾಸನಗಳೂ ಅದರಲ್ಲಿ ‘ಮಂಜರಾಬಾದ್’ ಅನ್ನೋ ಹಳೆಯ ತಾಲೂಕಿನ ಹೆಸರಲ್ಲಿ ಇವೆ. ಆಮೇಲೆ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೇಲೂರು, ಸೋಮನಾಥಪುರ, ದೊಡ್ಡಗದ್ದವಳ್ಳಿಗಳ ಮೇಲೆ ಒಂದೊಂದು ಪುಸ್ತಕ ಬರೆದರು. ಹೆಸರುಗಳು ಪಟ್ಟಿಯಾದವು. ಆದರೆ ಪಟ್ಟಿ ಇತಿಹಾಸವಾಗಬೇಕಾದರೆ ಯಾರಾದರೂ ಅದಕ್ಕೆ ಪ್ರಶ್ನೆ ಕೇಳಬೇಕು.

ಶೆಟ್ಟರ್ ಹುಟ್ಟಿದ್ದು 1935ರಲ್ಲಿ, ಆಗಿನ ಬಳ್ಳಾರಿ ಜಿಲ್ಲೆಯ ಹಂಪಸಾಗರದಲ್ಲಿ. ಮೈಸೂರು, ಧಾರವಾಡ, ಕೇಂಬ್ರಿಜ್‌ಗಳಲ್ಲಿ ಓದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ. ಅಲ್ಲೇ ಭಾರತೀಯ ಕಲಾ ಇತಿಹಾಸ ಸಂಸ್ಥೆಯ ಹೊಣೆ. 1973ರ ಹೊತ್ತಿಗೇ ಅವರು ಮಧ್ಯಯುಗದ ಕಲಾವಿದರ ಅಲೆದಾಟದ ಬಗ್ಗೆ ಲೇಖನ ಬರೆದಿದ್ದರು. ಅವರ ಪ್ರಶ್ನೆಗಳು ಸರಳ. ಈ ಜನ ಎಲ್ಲಿಂದ ಬಂದರು? ಯಾರ ಜೊತೆ ಕೆಲಸ ಮಾಡಿದರು? ಇಲ್ಲಿ ಮುಗಿದ ಮೇಲೆ ಎಲ್ಲಿಗೆ ಹೋದರು?

ಆ ಪ್ರಶ್ನೆ ಹಿಡಿದು ನೋಡಿದರೆ ಹಾಸನದ ಕಲ್ಲುಗಳು ಬೇರೆಯೇ ಕಥೆ ಹೇಳುತ್ತವೆ. ದಾಸೋಜನ ಬಳ್ಳಿಗಾವಿ ಇರೋದು ಶಿಕಾರಿಪುರ ತಾಲೂಕಿನಲ್ಲಿ, ಬೇಲೂರಿಂದ ಎಷ್ಟೋ ದಿನಗಳ ನಡಿಗೆ. ಬಳ್ಳಿಗಾವಿಯೂ ಗದಗೂ ಆಗ ಕಲ್ಯಾಣ ಚಾಲುಕ್ಯರ ನಾಡು. ದೊಡ್ಡ ಪ್ರಾಜೆಕ್ಟ್ ಶುರುವಾಗಿದೆ ಅಂತ ಸುದ್ದಿ ಬಂದ ಕಡೆಗೆ ನುರಿತ ಕೆಲಸಗಾರರು ಮನೆಮಂದಿಯೊಂದಿಗೆ ಹೊರಟಿದ್ದಾರೆ. ‘ಹೊಯ್ಸಳ ಶೈಲಿ’ ಅಂತ ರಾಜನ ಹೆಸರಲ್ಲಿ ನಾವು ಕರೆಯೋದು, ಹತ್ತಿರದಿಂದ ನೋಡಿದರೆ, ಹೀಗೆ ವಲಸೆ ಬಂದವರು ಇಲ್ಲಿನ ಮೃದುವಾದ ಬಳಪದ ಕಲ್ಲಿನ ಮೇಲೆ ತಮ್ಮ ಕೈಚಳಕ ಇಳಿಸಿದ್ದರಿಂದ ಆದದ್ದು.

ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿಗೆ ಹೋದರೆ 1246ರ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಕೆಲಸ ಹಂಚಿಕೊಂಡದ್ದೇ ಕಾಣುತ್ತದೆ. ದಕ್ಷಿಣದ ಗೋಡೆಯಲ್ಲಿ ಬೈಚೋಜನ ಸಹಿ, ಉತ್ತರದಲ್ಲಿ ಮಲ್ಲಿತಮ್ಮನದು. ಈ ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲೂ ಇದೆ, 1258ರ ಸೋಮನಾಥಪುರದಲ್ಲೂ ಇದೆ. ಅರವತ್ತು ವರ್ಷದ ಕೆರಿಯರ್ರಾ? ಒಬ್ಬನೇನಾ, ಅಥವಾ ತಾತನ ಹೆಸರು ಮೊಮ್ಮಗನಿಗೆ ಇಟ್ಟಿದ್ದಾ? ಉತ್ತರ ಹುಡುಕಬೇಕಾದರೆ ಸಹಿಯ ಜೊತೆಗೆ ಕೆತ್ತನೆಯನ್ನೂ ಓದಬೇಕು: ಕಿರೀಟ ಹೇಗಿದೆ, ಬೆರಳು ಹೇಗೆ ಮಡಚಿದೆ, ಬಳ್ಳಿ ಎಲ್ಲಿ ತಿರುಗಿದೆ. ಕಲಾ ಇತಿಹಾಸಕಾರನ ದಿನನಿತ್ಯದ ಕೆಲಸ ಇದೇ.

ಈ ಕೆಲಸ ಶೆಟ್ಟರ್ ಅವರನ್ನು ಯುರೋಪಿನ ಉತ್ತರಕ್ಕೂ ಕರೆದೊಯ್ದಿತು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಹೊಯ್ಸಳ ಶಿಲ್ಪಗಳಿವೆ. ಅವುಗಳ ಮೇಲೆ ಶೆಟ್ಟರ್ ಬರೆದ ಪುಸ್ತಕವನ್ನು 1975ರಲ್ಲಿ ಆ ವಸ್ತುಸಂಗ್ರಹಾಲಯವೇ ಪ್ರಕಟಿಸಿತು. ಮ್ಯೂಸಿಯಂಗೆ ಹೋದ ಶಿಲ್ಪಕ್ಕೆ ಗೋಡೆಯಿಲ್ಲ, ಪಕ್ಕದ ವಿಗ್ರಹವಿಲ್ಲ, ಮಳೆಯಿಲ್ಲ. ಅದು ಎಂಥ ಗೋಡೆಯಲ್ಲಿತ್ತು, ಅದರ ಬಂಧುಗಳು ಯಾವ ಊರಲ್ಲಿದ್ದಾರೆ ಅಂತ ಹೇಳೋಕೆ ಹಾಸನದ ದೇವಸ್ಥಾನಗಳನ್ನು ಕಲ್ಲು ಕಲ್ಲಾಗಿ ನೋಡಿದವರೇ ಬೇಕು. ಆ ತಿಳಿವಳಿಕೆ ಎರಡು ಸಂಪುಟಗಳ ‘ದ ಹೊಯ್ಸಳ ಟೆಂಪಲ್ಸ್’ ಆಗಿ 1990ರ ದಶಕದ ಆರಂಭದಲ್ಲಿ ಬಂತು. ಅದಕ್ಕೂ ಸ್ವಲ್ಪ ಮೊದಲು ಇದೇ ಜಿಲ್ಲೆಯ ಶ್ರವಣಬೆಳಗೊಳದ ನಿಸಿಧಿಗಳನ್ನು ಆಧರಿಸಿ, ಜೈನರು ಸಾವನ್ನು ಎದುರುಗೊಂಡ ಬಗೆಯ ಕುರಿತು ‘ಇನ್‌ವೈಟಿಂಗ್ ಡೆತ್’ ಬಂದಿತ್ತು. 1996ರಿಂದ 1999ರವರೆಗೆ ಅವರು ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಅಧ್ಯಕ್ಷರು.

ದೊಡ್ಡ ಕುರ್ಚಿಗಳಲ್ಲಿ ಕೂತರೂ ಹಳೆಯ ಪ್ರಶ್ನೆ ಬಿಡಲಿಲ್ಲ. 2003ರಲ್ಲಿ ಮೈಸೂರಿನಲ್ಲಿ ನಡೆದ ಭಾರತೀಯ ಇತಿಹಾಸ ಕಾಂಗ್ರೆಸ್‌ನಲ್ಲಿ ಅವರ ಅಧ್ಯಕ್ಷ ಭಾಷಣದ ವಿಷಯ ಕುಶಲಕರ್ಮಿಗಳ ಹೆಜ್ಜೆಗುರುತು. ಅಂಥ ವೇದಿಕೆಯಲ್ಲಿ ರಾಜವಂಶಗಳ ಬಗ್ಗೆ ಮಾತಾಡಬಹುದಿತ್ತು. ಅವರು ಉಳಿ ಹಿಡಿದವರ ಬಗ್ಗೆ ಮಾತಾಡಿದರು. ಆಮೇಲೆ ಕನ್ನಡದಲ್ಲಿ ಬರೆಯೋಕೆ ಕೂತರು. 2007ರಲ್ಲಿ ‘ಶಂಗಂ ತಮಿಳಗಂ ಮತ್ತು ಕನ್ನಡ ನಾಡು-ನುಡಿ’, ಮುಂದೆ ಹಳಗನ್ನಡದ ಲಿಪಿ ಮತ್ತು ಲಿಪಿಕಾರರ ಮೇಲಿನ ಪುಸ್ತಕ. ಲಿಪಿಕಾರ ಅಂದ ಕೂಡಲೇ ನೆನಪಾಗುವವನು ಚಪಡ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಬರೆದು, ಕೊನೆಯಲ್ಲಿ ತನ್ನ ಹೆಸರು ಹಾಕಿ, ‘ಲಿಪಿಕಾರ’ ಅನ್ನೋ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದವನು. ಚಕ್ರವರ್ತಿಯ ಮಾತಿನ ಕೆಳಗೆ ಒಬ್ಬ ನೌಕರನ ಸಹಿ.

ಹೆಸರಿಗೆ ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು ಅಂತ ನೀವು ಕೇಳಬಹುದು. ತಿಂಗಳುಗಟ್ಟಲೆ ರಾತ್ರಿ ನಿದ್ದೆಗೆಟ್ಟು ಮಾಡಿದ ಕೆಲಸ ಕೊನೆಗೆ ಬೇರೆಯವರ ಹೆಸರಿನ ಸ್ಲೈಡ್ ಆಗಿ ಪರದೆ ಮೇಲೆ ಬಂದದ್ದನ್ನು ನೋಡಿದವರಿಗೆ ನಾನು ವಿವರಿಸೋದು ಬೇಕಾಗಿಲ್ಲ. ಹೆಸರು ಅಳಿಸಿದರೆ ಕೆಲಸ ಪವಾಡವಾಗುತ್ತದೆ. ಪವಾಡಕ್ಕೆ ಕೂಲಿ ಕೊಡಬೇಕಿಲ್ಲ, ಊರು ಕೇಳಬೇಕಿಲ್ಲ.

ಶೆಟ್ಟರ್ 2020ರ ಫೆಬ್ರುವರಿ 28ರಂದು ತೀರಿಕೊಂಡರು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು, ಹೊಯ್ಸಳರ ಹೆಸರಿನಲ್ಲಿ. ಮುಂದಿನ ಸಲ ಸಕಲೇಶಪುರದಿಂದ ಇಳಿಯುವಾಗ ಬೇಲೂರಿನಲ್ಲಿ ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಮದನಿಕೆಯ ಮುಖದಿಂದ ಕಣ್ಣು ಕೆಳಗಿಳಿಸಿ ಪೀಠ ನೋಡಿ. ಹಳಗನ್ನಡ ಲಿಪಿ ಓದೋಕೆ ಬರದಿದ್ದರೂ ಚಿಂತೆಯಿಲ್ಲ, ಅದು ಯಾರದೋ ಹೆಸರು ಅಂತ ಗೊತ್ತಿದ್ದರೆ ಸಾಕು.